ಮುಂಬಯಿ ಬದುಕಿನಲ್ಲಿ ಎದುರಾದ ನಾಲ್ಕು ಕಾಲಿನವರು

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದುಂಟು. "ನಿಮ್ಮ ಬೊಂಬಾಯಿಯಲ್ಲಿ ದನ ಇಲ್ಲ, ಕರು ಇಲ್ಲ, ಬೆಳಿಗ್ಗೆ ಎದ್ದರೆ ಒಂದು ಹಕ್ಕಿಯ ಸ್ವರ ಇಲ್ಲ. ಅಲ್ಲಿ ಹೇಗೆ ಇರ್ತೀರಿ ಮಾರಾಯ್ರೆ?" ಮೊದಲೆಲ್ಲ ನಾನು "ತಿಗಣೆ ಉಂಟಲ್ಲ" ಎಂದು ನಗಿಸಿ ಮಾತು ಮುಗಿಸುತ್ತಿದ್ದೆ. ಅದು ಸುಳ್ಳೂ ಅಲ್ಲ. ಫೋರ್ಟ್ ಪರಿಸರದ ಹೋಟೆಲೊಂದರ ಮಾಳಿಗೆಯಲ್ಲಿ ಹದಿನೆಂಟು ಹುಡುಗರು ಸಾಲಾಗಿ ಮಲಗುತ್ತಿದ್ದ ಕಾಲದಲ್ಲಿ ನಮ್ಮೊಂದಿಗೆ ಬಾಡಿಗೆ ಕೊಡದೆ ವಾಸ ಮಾಡುತ್ತಿದ್ದವರು ತಿಗಣೆಗಳು ಮತ್ತು ಹೆಗ್ಗಣಗಳು. ಆ ಹೋಟೆಲಿನಲ್ಲಿ ಒಂದು ಬೆಕ್ಕೂ ಇತ್ತು. ಆದರೆ ಫೋರ್ಟಿನ ಗಟಾರದಿಂದ ಬರುವ ಹೆಗ್ಗಣಗಳು ಅದಕ್ಕಿಂತ ದಪ್ಪವಾಗಿದ್ದುದರಿಂದ ಬೆಕ್ಕು ರಾತ್ರಿ ಹೊತ್ತು ಗಲ್ಲೆಯ ಮೇಲಿನ ಕಪಾಟಿನಿಂದ ಕೆಳಗಿಳಿಯುತ್ತಿರಲಿಲ್ಲ.

ಈಗ ಸರ್ವಿಸಿನ ಕೊನೆಯ ವರ್ಷಗಳಿಗೆ ಬಂದು ನಿಂತು ಹಿಂದೆ ನೋಡಿದಾಗ, ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಅನಿಸುತ್ತಿದೆ. ಈ ಶಹರದಲ್ಲಿ ನನಗೆ ಪ್ರಾಣಿಗಳು ಎದುರಾದಷ್ಟು ಊರಿನಲ್ಲಿದ್ದವರಿಗೂ ಎದುರಾಗಿರಲಾರವು. ಒಂದೆರಡನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಸುರುವಿಗೆ ನಮ್ಮ ಗೌರಿಯ ವಿಷಯ. ಗೌರಿ ಎಂದರೆ ನಮ್ಮ ಮನೆಯ ಎಮ್ಮೆ. ಕಾಡಿಗೆಯಷ್ಟು ಕಪ್ಪಗಿದ್ದ ಎಮ್ಮೆಗೆ ಅಮ್ಮ ಯಾಕೆ ಆ ಹೆಸರಿಟ್ಟರೋ ಗೊತ್ತಿಲ್ಲ. ಕುಂದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಮಗಿದ್ದದ್ದು ಗೇಣಿ ಗದ್ದೆ ಬಿಟ್ಟುಹೋದ ಮೇಲೆ ಉಳಿದ ಸ್ವಲ್ಪ ಜಾಗ, ಒಂದು ಹಂಚಿನ ಮನೆ ಮತ್ತು ಗೌರಿ. 1986ರಲ್ಲಿ ಹತ್ತನೆಯದು ಪಾಸಾದೆ. ಮುಂಬಯಿಯಲ್ಲಿ ಹೋಟೆಲು ಕೆಲಸಕ್ಕಿದ್ದ ಮಾವ "ಹುಡುಗನನ್ನು ಕಳಿಸಿ, ಹಗಲು ಕೆಲಸ ಮಾಡಲಿ, ಸಂಜೆ ಕಾಲೇಜಿಗೆ ಹೋಗಲಿ" ಎಂದು ಕಾಗದ ಬರೆದರು. ಬಸ್ಸಿನ ಟಿಕೇಟು, ಒಂದು ಟ್ರಂಕು, ಎರಡು ಜೊತೆ ಬಟ್ಟೆ, ಅಂಗಡಿಯ ಹಳೆ ಬಾಕಿ ಇಷ್ಟಕ್ಕೆಲ್ಲ ಹಣ ಎಲ್ಲಿಂದ? ಗೌರಿಯನ್ನು ಮಾರಿದರು. ಎಂಟುನೂರು ರೂಪಾಯಿ ಬಂತು.

ವ್ಯಾಪಾರಿ ಬಂದ ದಿನ ಅಮ್ಮ ಅಡುಗೆ ಮನೆಯಿಂದ ಹೊರಗೆ ಬರಲಿಲ್ಲ. ಗೌರಿ ಅವನ ಹಿಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕೊನೆಗೆ ನಾನೇ ಹಗ್ಗ ಹಿಡಿದು ಡಾಮರು ರಸ್ತೆಯವರೆಗೆ ನಡೆಸಿಕೊಂಡು ಹೋದೆ. ದಿನವೂ ಮೇಯಿಸಲು ಕರೆದೊಯ್ಯುತ್ತಿದ್ದವನು ನಾನೇ ಆದ್ದರಿಂದ ಸಲೀಸಾಗಿ ಹಿಂದೆ ಬಂತು. ಜಾನುವಾರು ಮಾರಿದರೆ ಹಗ್ಗ ಕೊಡುವ ಕ್ರಮ ನಮ್ಮ ಮನೆಯಲ್ಲಿಲ್ಲ, ಹಳೆ ಹಗ್ಗ ವಾಪಸು ತರಬೇಕು. ವ್ಯಾಪಾರಿ ತನ್ನ ಹಗ್ಗ ಕಟ್ಟಿದ ಮೇಲೆ ನಾನು ನಮ್ಮ ಹಗ್ಗದ ಗಂಟು ಬಿಚ್ಚಿದೆ. ಗೌರಿ ಕತ್ತು ತಗ್ಗಿಸಿ ಕೊಟ್ಟಿತು, ಬಿಚ್ಚಲು ಸುಲಭವಾಗಲಿ ಎಂದು. ದಿನಾ ಸಂಜೆ ಹಟ್ಟಿಯಲ್ಲಿ ಹಾಗೆಯೇ ಮಾಡುತ್ತಿತ್ತು.

ಆ ಎಂಟು ದಿನದೊಳಗೆ ನಾನು ಮುಂಬಯಿ ಬಸ್ಸು ಹತ್ತಿದೆ. ಆಗ ಕೊಂಕಣ ರೈಲು ಇರಲಿಲ್ಲ (ಪೂರ್ತಿ ಮಾರ್ಗ ಸುರುವಾದದ್ದು 1998ರ ಜನವರಿ 26ಕ್ಕೆ). ಭಟ್ಕಳ, ಕುಮಟಾ, ಅಂಕೋಲಾ ದಾಟಿ ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಎಂದು ಒಂದು ಹಗಲು ಒಂದು ರಾತ್ರಿಗಿಂತಲೂ ಹೆಚ್ಚಿನ ಪ್ರಯಾಣ. ಅರಬೈಲು ಘಾಟಿಯಲ್ಲಿ ರಾತ್ರಿ ಬಸ್ಸು ಗಕ್ಕನೆ ನಿಂತಿತು. ಡ್ರೈವರು ಯಾರೂ ಮಾತಾಡಬೇಡಿ ಎಂದು ಕೈಸನ್ನೆ ಮಾಡಿ ಹೆಡ್‌ಲೈಟು ಆರಿಸಿ ಸಣ್ಣ ದೀಪ ಮಾತ್ರ ಇಟ್ಟ. ರಸ್ತೆಯ ಮೇಲೆ ಐದಾರು ಕಾಡುಕೋಣಗಳು. ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಕಾಣುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ ಅಷ್ಟು ನಿಧಾನವಾಗಿ, ಯಾರ ಹಂಗೂ ಇಲ್ಲದೆ ರಸ್ತೆ ದಾಟುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊನೆಯದು ಬಸ್ಸಿನ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿ ಹೋಯಿತು. ಅದರ ಕತ್ತಿನಲ್ಲಿ ಹಗ್ಗ ಇರಲಿಲ್ಲ ಎಂಬುದು ಆ ಹೊತ್ತಿಗೆ ನನ್ನ ತಲೆಗೆ ಬಂದ ಒಂದೇ ವಿಚಾರ. ಪಕ್ಕದ ಸೀಟಿನ ಹಿರಿಯರೊಬ್ಬರು, "ಒಳ್ಳೆ ಶಕುನ ಮಾಣಿ, ಬೊಂಬಾಯಿಯಲ್ಲಿ ನಿನಗೆ ಒಳ್ಳೇದಾತ್ತ್" ಎಂದರು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಾ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು ಬ್ಯಾಂಕಿಗೆ ಸೇರಿದ ನಂತರ ಅವರ ಮಾತು ನೆನಪಾದದ್ದುಂಟು.

ಮದುವೆಯಾದ ಮೇಲೆ ನಾವಿದ್ದದ್ದು ಜೋಗೇಶ್ವರಿ ಪಶ್ಚಿಮದ ಒಂದು ಚಾಳಿನಲ್ಲಿ. ಚಾಳಿನ ಹಿಂದೆ ನಾಲಾ, ನಾಲಾದ ಪಕ್ಕದಲ್ಲಿ ಜೌನ್‌ಪುರದ ಭೈಯ್ಯಾ ಒಬ್ಬರ ತಬೇಲ. ಮುಂಬಯಿಯ ತಬೇಲಗಳನ್ನು ಊರ ಹೊರಗೆ ಒಂದು ಕಡೆ ಸೇರಿಸಬೇಕೆಂದೇ 1949ರಲ್ಲಿ ಗೋರೆಗಾಂವ್‌ನ ಆರೆ ಹಾಲಿನ ಕಾಲನಿ ಆರಂಭವಾದದ್ದು. ಆದರೂ ಜೋಗೇಶ್ವರಿ, ಗೋರೆಗಾಂವ್ ಕಡೆ ಖಾಸಗಿ ತಬೇಲಗಳು ಬಹಳ ಉಳಿದಿದ್ದವು. ನಮ್ಮ ಭೈಯ್ಯಾನ ತಬೇಲದಲ್ಲಿ ನಲ್ವತ್ತರಷ್ಟು ಎಮ್ಮೆಗಳು. ವಾಸನೆಗೆ ನನ್ನ ಹೆಂಡತಿ ಮೂಗು ಮುಚ್ಚುತ್ತಿದ್ದಳು. ನನಗೆ ಮಾತ್ರ ಆ ಸಗಣಿ, ಹಿಂಡಿಯ ವಾಸನೆ ಮೂಗಿಗೆ ಬಿದ್ದರೆ ಊರಿಗೆ ಹೋಗಿ ಬಂದ ಹಾಗೆ. ಬೆಳಿಗ್ಗೆ ಒಂದು ಲೀಟರು, ಸಂಜೆ ಅರ್ಧ ಲೀಟರು ಹಾಲು. ಬ್ಯಾಂಕಿನವನಲ್ಲವೇ, ಹಾಲಿನ ಲೆಕ್ಕಕ್ಕೂ ಒಂದು ಪುಸ್ತಕ ಇಟ್ಟಿದ್ದೆ.

2005ರ ಜುಲೈ 26, ಮಂಗಳವಾರ. ಆ ದಿನದ ಬಗ್ಗೆ ಮುಂಬಯಿಯ ಪ್ರತಿಯೊಬ್ಬ ತುಳು-ಕನ್ನಡಿಗನ ಹತ್ತಿರ ಒಂದೊಂದು ಕಥೆ ಉಂಟು. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿ.ಮೀ. ಮಳೆ. ನಾನು ಆಗ ಅಂಧೇರಿಯ ಶಾಖೆಯಲ್ಲಿದ್ದೆ. ಮೂರೂವರೆಗೆ ಹೊರಟರೆ ಟ್ರೈನಿಲ್ಲ, ಬಸ್ಸಿಲ್ಲ. ಎಸ್.ವಿ. ರೋಡಿನಲ್ಲಿ ಅಪರಿಚಿತರ ಕೈ ಹಿಡಿದುಕೊಂಡು ಸೊಂಟದವರೆಗಿನ ನೀರಿನಲ್ಲಿ ನಡೆದು ಮನೆ ಹತ್ತಿರ ಬರುವಾಗ ಏಳು ಗಂಟೆ. ಕರೆಂಟು ಇಲ್ಲ. ನಮ್ಮ ಕೋಣೆಗೆ ನೀರು ನುಗ್ಗಿ ಹೆಂಡತಿಯೂ ಆರು ವರ್ಷದ ಮಗಳೂ ಮೇಲಿನ ಮಹಡಿಯ ನಮ್ಮೂರಿನವರ ಗ್ಯಾಲರಿಯಲ್ಲಿ ನಿಂತಿದ್ದರು. ಅವರನ್ನು ಕಂಡು ಜೀವ ಬಂತು. ಮೆಟ್ಟಿಲು ಹತ್ತಬೇಕೆನ್ನುವಾಗ ತಬೇಲದ ಕಡೆಯಿಂದ ಭೈಯ್ಯಾ ಕೂಗುವುದು ಕೇಳಿತು. "ರಸ್ಸೀ ಕಾಟೋ! ಕೋಯೀ ರಸ್ಸೀ ಕಾಟೋ!"

ಎಮ್ಮೆಗೆ ಈಜು ಕಲಿಸಬೇಕಾಗಿಲ್ಲ. ಬಿಟ್ಟರೆ ಎಲ್ಲಿಯಾದರೂ ಏರಿ ನಿಲ್ಲುತ್ತದೆ. ಆದರೆ ತಬೇಲದಲ್ಲಿ ಎಲ್ಲವನ್ನೂ ಬಾನಿಯ ಬುಡದ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿರುತ್ತಾರೆ. ನೀರು ಏರಿದ ಹಾಗೆ ಅವು ತಲೆ ಎತ್ತುತ್ತವೆ, ಹಗ್ಗ ಬಿಗಿಯುತ್ತದೆ. ಮತ್ತೆ ಎತ್ತಲಾಗುವುದಿಲ್ಲ. ಭೈಯ್ಯಾ, ಅವನ ಇಬ್ಬರು ಮಕ್ಕಳು ಕುಡುಗೋಲು ಹಿಡಿದು ಒಂದು ಕೊನೆಯಿಂದ ಕೊಯ್ಯುತ್ತಾ ಬರುತ್ತಿದ್ದರು. ಮಹಡಿಯ ನಮ್ಮೂರಿನ ಅಕ್ಕ ಮೀನು ಕೊಯ್ಯುವ ಕತ್ತಿಯನ್ನು ಕೆಳಗೆ ಕೊಟ್ಟರು. ನಾನು ಇಳಿದೆ.

ಮೊದಲನೆಯದನ್ನು ಗಂಟು ಬಿಚ್ಚಿಯೇ ಬಿಡಿಸಲು ನೋಡಿದೆ, ಊರಿನ ಅಭ್ಯಾಸ. ಹಗ್ಗ ನೀರು ಕುಡಿದು ಕಲ್ಲಾಗಿತ್ತು. ಮುಳುಗಿ ಕತ್ತಿಯಿಂದ ಕೊಯ್ದೆ. ಎಮ್ಮೆ ಬಿಡುಗಡೆಯಾದ ರಭಸಕ್ಕೆ ನನ್ನನ್ನು ಗೋಡೆಗೆ ಒತ್ತಿ ಹೋಯಿತು. ಎರಡು, ಮೂರು, ನಾಲ್ಕು. ಅಷ್ಟರಲ್ಲಿ ನೀರು ನನ್ನ ಕುತ್ತಿಗೆಗೆ ಬಂದಿತ್ತು. ಐದನೆಯದರ ಹತ್ತಿರ ಹೋದೆ. ಮೂಗು ಮಾತ್ರ ಮೇಲಿತ್ತು. ನಾನು ಕೈ ಹಾಕುತ್ತಲೇ ಅದು ಒದ್ದಾಡುವುದನ್ನು ನಿಲ್ಲಿಸಿ ಕತ್ತನ್ನು ನನ್ನ ಕಡೆಗೆ ತಗ್ಗಿಸಲು ನೋಡಿತು. ತಗ್ಗಿಸಿದರೆ ಮೂಗು ನೀರಿನೊಳಗೆ. ಮೇಲಿನಿಂದ ಮಗಳು "ಪಪ್ಪಾ" ಎಂದು ಕೂಗುತ್ತಿದ್ದಳು, ಹೆಂಡತಿ ದೇವರ ಹೆಸರೆಲ್ಲ ಹೇಳುತ್ತಿದ್ದಳು. ನಾನು ಒಂದು ಸಲ ಮುಳುಗಿದೆ, ಹಗ್ಗ ಸಿಗಲಿಲ್ಲ. ಇನ್ನೊಂದು ಸಲ ಮುಳುಗಲಿಲ್ಲ. ಹಿಂದೆ ಬಂದು ಮೆಟ್ಟಿಲು ಹತ್ತಿದೆ.

ಮುಳುಗಬಹುದಿತ್ತೇ? ನನಗೆ ಇವತ್ತಿಗೂ ಗೊತ್ತಿಲ್ಲ. ಮುಳುಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲವೋ ಏನೋ ಎಂದು ಹೆಂಡತಿ ಹೇಳುತ್ತಾಳೆ, ಸರಿಯೇ ಇರಬಹುದು. ಭೈಯ್ಯಾ ಮಾತ್ರ ಹತ್ತಲಿಲ್ಲ. ಅವನನ್ನು ಅವನ ಮಕ್ಕಳೇ ಸೊಂಟಕ್ಕೆ ಹಗ್ಗ ಕಟ್ಟಿ ಎಳೆದು ತಂದರು. ರಾತ್ರಿಯಿಡೀ ಗ್ಯಾಲರಿಯಲ್ಲಿ ಕುಳಿತಿದ್ದೆವು. ಕತ್ತಲೆಯಲ್ಲಿ ಎಮ್ಮೆಗಳ ಕೂಗು ಒಂದೊಂದಾಗಿ ಕಡಿಮೆಯಾಗುತ್ತಾ ಬಂತು. ಒಂದು ಹೊತ್ತಿಗೆ ಮಳೆಯ ಸದ್ದು ಮಾತ್ರ ಉಳಿಯಿತು.

ಉಳಿದದ್ದು ಹದಿನಾಲ್ಕು. ಅವುಗಳಲ್ಲಿ ಒಂದು ಎರಡು ದಿನ ಪತ್ತೆಯಿರಲಿಲ್ಲ. ಆಮೇಲೆ ನೋಡಿದರೆ ಪಕ್ಕದ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಮೊದಲ ಮಹಡಿಯ ಬಾಗಿಲಲ್ಲಿ ನಿಂತು ಯಾರದೋ ಮನಿಪ್ಲಾಂಟು ತಿನ್ನುತ್ತಿತ್ತು. ಅಂಥ ದಿನದಲ್ಲಿಯೂ ಎಲ್ಲರೂ ನಕ್ಕೆವು. ಸತ್ತವುಗಳನ್ನು ಒಯ್ಯಲು ಮಹಾನಗರಪಾಲಿಕೆಯ ಡಂಪರು ಬರುವಾಗ ದಿನಗಳು ಕಳೆದಿದ್ದವು. ಉಪನಗರದ ಎಷ್ಟೋ ತಬೇಲಗಳದ್ದು ಅದೇ ಪಾಡು. ಬ್ಲೀಚಿಂಗ್ ಪೌಡರಿನ ವಾಸನೆ, ನೊಣ, ಆಮೇಲೆ ಆಗಸ್ಟ್‌ನಲ್ಲಿ ಲೆಪ್ಟೊಸ್ಪೈರೋಸಿಸ್ ಜ್ವರದ ಹೆದರಿಕೆ. ಅದೆಲ್ಲ ಓದುಗರಿಗೆ ನೆನಪಿರಬಹುದು.

ತಿಂಗಳ ಕೊನೆಗೆ ಭೈಯ್ಯಾ ಎಂದಿನಂತೆ ಬಾಗಿಲಿಗೆ ಬಂದ. ನಾನು ಪೂರಾ ತಿಂಗಳ ಹಣ ಎಣಿಸಿ ಕೊಟ್ಟೆ. ಅವನು ಬೆರಳಲ್ಲಿ ಲೆಕ್ಕ ಹಾಕಿ ಹೆಚ್ಚಿನದನ್ನು ವಾಪಸು ಕೊಟ್ಟ. "ಸಾಡೇ ಪಚ್ಚೀಸ್ ದಿನ್ ಕಾ ಹುವಾ, ಸಾಬ್. ಛಬ್ಬೀಸ್ ಕೋ ಶಾಮ್ ಕಾ ದೂಧ್ ನಹೀಂ ದಿಯಾ." ಇಪ್ಪತ್ತೈದೂವರೆ ದಿನ. ನಾನು ಬ್ಯಾಂಕಿನಲ್ಲಿ ಎಷ್ಟೋ ಲೆಡ್ಜರು ನೋಡಿದ್ದೇನೆ, ಅಂಥ ಎಂಟ್ರಿ ನೋಡಿಲ್ಲ. ಐದನೆಯ ಎಮ್ಮೆಯ ವಿಷಯ ಅವನಲ್ಲಿ ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಲಿಲ್ಲ. ಮರು ವರ್ಷ ಅವನು ಉಳಿದ ಎಮ್ಮೆಗಳನ್ನು ಮಾರಿ ಊರಿಗೆ ಹೋದ. ಜಾಗದಲ್ಲಿ ಈಗ ಟವರು ಎದ್ದಿದೆ. ಹಾಲಿನ ಪುಸ್ತಕ ನನ್ನ ಕಪಾಟಿನಲ್ಲಿದೆ.

ಇಷ್ಟು ದೊಡ್ಡ ವಿಷಯದ ಮಧ್ಯೆ ಸಣ್ಣದೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 2009ರಲ್ಲಿ ಸಾಲ ಮಾಡಿ ಬೊರಿವಲಿ ಪೂರ್ವಕ್ಕೆ ಬಂದೆವು. 2012ರಲ್ಲಿ ಅಪ್ಪ ತೀರಿಕೊಂಡರು. ವರ್ಷಾಂತಿಕದ ದಿನ ಟೆರೇಸಿನಲ್ಲಿ ಪಿಂಡ ಇಟ್ಟು ಕಾಗೆಗೆ ಕಾದೆವು. ಅಡುಗೆ ಮನೆಯ ಕಿಟಿಕಿಯಲ್ಲಿ ದಿನವೂ ಗಲಾಟೆ ಮಾಡುವ ಕಾಗೆಗಳು ಆ ದಿನ ಒಂದೂ ಇಲ್ಲ. ಬಂದವೆಲ್ಲ ಪಾರಿವಾಳಗಳೇ. ಭಟ್ಟರು ಗಡಿಯಾರ ನೋಡುತ್ತಾ, "ನಿಮ್ಮ ತಂದೆಯವರು ಮುಂಬಯಿಗೆ ಬಂದ ಮೇಲೆ ಇಲ್ಲಿಯ ಕ್ರಮಕ್ಕೆ ಒಗ್ಗಿಕೊಂಡಿದ್ದಾರೆ" ಎಂದರು. ಅಪ್ಪ ಬದುಕಿರುವಾಗ ಮುಂಬಯಿಗೆ ಬಂದವರೇ ಅಲ್ಲ. ಕೊನೆಗೆ ಒಂದೇ ಒಂದು ಕಾಗೆ ಬಂದು, ಪಾರಿವಾಳಗಳನ್ನು ಓಡಿಸಿ, ಉದ್ದಿನ ವಡೆ ಮಾತ್ರ ಎತ್ತಿಕೊಂಡು ಹೋಯಿತು. ಅಪ್ಪನಿಗೆ ವಡೆ ಎಂದರೆ ಪ್ರಾಣ. 2025ರಲ್ಲಿ ದಾದರಿನ ಕಬೂತರ್‌ಖಾನೆ ಮುಚ್ಚಿಸಿದಾಗ ಆದ ಜಗಳಗಳನ್ನು ಪೇಪರಿನಲ್ಲಿ ಓದುತ್ತಾ ನನಗೆ ಆ ವಡೆಯೇ ನೆನಪಾಗುತ್ತಿತ್ತು.

ಮಗಳನ್ನು ಕರೆದುಕೊಂಡು ಶಿವಡಿಯ ಕೆಸರಿನಲ್ಲಿ ಫ್ಲೆಮಿಂಗೊ ನೋಡಲು ಹೋದದ್ದೂ ಉಂಟು. ಇಳಿತದ ಹೊತ್ತಿಗೆ ಸಾವಿರಾರು ಹಕ್ಕಿಗಳು ಗುಲಾಬಿ ಬಟ್ಟೆ ಒಣಗಲು ಹಾಕಿದ ಹಾಗೆ. ಠಾಣೆ ಖಾರಿಯನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಎಂದು ಘೋಷಿಸಿದರು. 2024ರ ಮೇ 20ರ ರಾತ್ರಿ ಘಾಟ್ಕೋಪರದ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 39 ಫ್ಲೆಮಿಂಗೊಗಳು ಸತ್ತವು ಎಂದು ಓದಿ ಮಗಳು ಫೋನು ಮಾಡಿದ್ದಳು. ಅವಳಿಗೆ ಬೇರೆ ಏನೂ ಹೇಳಲಿಕ್ಕಿರಲಿಲ್ಲ, ಆ ಸುದ್ದಿಯನ್ನೇ ಓದಿ ಹೇಳಿ ಫೋನಿಟ್ಟಳು.

ಇನ್ನು ಬೊರಿವಲಿಯ ಚಿರತೆ. ನಮ್ಮ ಸೊಸೈಟಿಯ ಹಿಂದಿನ ಗೋಡೆ, ಒಂದು ಓಣಿ, ಆಮೇಲೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೋಡೆ. ಸುಮಾರು 104 ಚದರ ಕಿಲೋಮೀಟರಿನ ಕಾಡು, ಸುತ್ತ ಬೊರಿವಲಿ, ಮುಲುಂಡ್, ಠಾಣೆ, ಆರೆ. ಕ್ಯಾಮೆರಾ ಇಟ್ಟು ಎಣಿಸಿದಾಗ 2015ರಲ್ಲಿ 35 ಚಿರತೆ, 2018ರಲ್ಲಿ 47 ಎಂದು ಲೆಕ್ಕ ಸಿಕ್ಕಿತ್ತು. ನಾವು ಫ್ಲ್ಯಾಟು ಕೊಳ್ಳುವಾಗ ಏಜೆಂಟು "ನ್ಯಾಶನಲ್ ಪಾರ್ಕ್ ವ್ಯೂ" ಎಂದಿದ್ದ. ಪಾರ್ಕಿಗೂ ನಮ್ಮ ವ್ಯೂ ಇದೆ ಎಂದು ಹೇಳಿರಲಿಲ್ಲ.

ನಾನು ಅದನ್ನು ಕಣ್ಣಾರೆ ಕಂಡದ್ದು ಒಂದೇ ಸಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬರುವುದು ಎಲ್ಲರಿಗೂ ತಿಳಿದದ್ದೇ. 2015ರ ಆಗಸ್ಟ್‌ನಲ್ಲಿ ಆಟ ನೋಡಿ ರಾತ್ರಿ ಒಂದೂವರೆಗೆ ರಿಕ್ಷಾದಲ್ಲಿ ಬರುತ್ತಿದ್ದೆ. ಕಿವಿಯಲ್ಲಿ ಇನ್ನೂ ಚೆಂಡೆ. ನಮ್ಮ ಓಣಿಗೆ ತಿರುಗುವಲ್ಲಿ ರಿಕ್ಷಾದವನು ನಿಲ್ಲಿಸಿ ದೀಪ ಆರಿಸಿದ. ಅರಬೈಲು ಘಾಟಿಯ ಡ್ರೈವರು ಮಾಡಿದ ಹಾಗೆಯೇ. ಬೀದಿದೀಪದ ಕೆಳಗೆ, ಗೋಡೆಯ ಮೇಲೆ, ಬಾಲ ಇಳಿಬಿಟ್ಟುಕೊಂಡು ಕುಳಿತಿತ್ತು. ಸರ್ಕಸ್ಸಿನಲ್ಲೂ ರಾಣಿಬಾಗಿನಲ್ಲೂ ಕಂಡದ್ದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಒಂದು ನಿಮಿಷವೋ ಎರಡೋ. ಆಮೇಲೆ ಗೋಡೆಯ ಆಚೆಗೆ ನೀರು ಹರಿದ ಹಾಗೆ ಇಳಿದುಹೋಯಿತು. ರಿಕ್ಷಾದವನು ಕೈ ಮುಗಿದು "ವಾಘೋಬಾ" ಎಂದ. ಇಲ್ಲಿಯ ವಾರ್ಲಿಗಳು ಕಾಡಿನಂಚಿನಲ್ಲಿ ಸೂರ್ಯ ಚಂದ್ರರ ಜೊತೆ ಹುಲಿಯನ್ನು ಕೆತ್ತಿದ ಕಲ್ಲು ಇಟ್ಟು ವಾಘೋಬಾನನ್ನು ಪೂಜಿಸುತ್ತಾರೆ. ಪಿಲಿಚಾಮುಂಡಿಗೂ ಪಂಜುರ್ಲಿಗೂ ಕೋಲ ಕೊಡುವ ನಮಗೆ ಅದು ಹೊಸದೇನೂ ಅಲ್ಲ. ನಾನೂ ಕೈ ಮುಗಿದೆ.

ಅಪ್ಪ ಹೋದ ಮೇಲೆ ಅಮ್ಮನನ್ನು ಒತ್ತಾಯ ಮಾಡಿ ಮುಂಬಯಿಗೆ ಕರೆದುಕೊಂಡು ಬಂದಿದ್ದೆ. ಊರಿನಲ್ಲಿ ಹಟ್ಟಿ ಖಾಲಿಯಾದ ನಂತರ ಅಮ್ಮನ ಕೈಗೆ ಕೆಲಸವಿರಲಿಲ್ಲ. ಇಲ್ಲಿಗೆ ಬಂದು ತಿಂಗಳೊಳಗೆ ಕರಿಯ ಎಂಬ ಬೀದಿನಾಯಿಯನ್ನು ಹಚ್ಚಿಕೊಂಡರು. ದಿನಾ ರಾತ್ರಿ ಊಟವಾದ ಮೇಲೆ ಉಳಿದ ಅನ್ನ, ಮೀನಿನ ತಲೆ, ಬೆಳಿಗ್ಗೆ ನೀರುದೋಸೆ. ಎಲ್ಲವನ್ನೂ ಹಿಂದಿನ ಗೋಡೆಯ ಹತ್ತಿರ ಒಂದು ತಗಡಿನ ತಟ್ಟೆಯಲ್ಲಿಡುತ್ತಿದ್ದರು. ಸೊಸೈಟಿಯಲ್ಲಿ ಅದಕ್ಕೆ ಆಕ್ಷೇಪವಿದ್ದರೂ ಮುದುಕಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

2022ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ದಿನ ಬೆಳಿಗ್ಗೆ, ಆರೆಯಲ್ಲಿ ಒಂದೂವರೆ ವರ್ಷವೂ ತುಂಬದ ಮಗುವನ್ನು ಚಿರತೆ ಕೊಂದಿತು. ಅದಾದ ಮುಂದಿನ ತಿಂಗಳು ನಮ್ಮ ಕರಿಯನನ್ನು ಒಯ್ದಿತು. ಸಿಸಿಟಿವಿಯಲ್ಲಿ ರಾತ್ರಿ ಎರಡು ನಲ್ವತ್ತು. ಗೋಡೆಯಿಂದ ಇಳಿದದ್ದು, ತಟ್ಟೆಯ ಪಕ್ಕದಲ್ಲಿ ಮಲಗಿದ್ದ ನಾಯಿಯನ್ನು ಹಿಡಿದದ್ದು, ಮತ್ತೆ ಗೋಡೆ ಹಾರಿದ್ದು ಎಲ್ಲ ಸೇರಿ ಹನ್ನೊಂದು ಸೆಕೆಂಡು. ಅಮ್ಮ ತನಗೂ ತೋರಿಸಬೇಕೆಂದು ಹಟ ಮಾಡಿದರು. ವಾಚ್‌ಮನ್ ಮೊಬೈಲಿನಲ್ಲಿ ತೋರಿಸಿದ. ಮೂರು ಸಲ ನೋಡಿದರು. "ಒಂಚೂರೂ ಸದ್ದಿಲ್ಲೆ ಕಾಣ್ ಮಾಣಿ" ಎಂದರು, ಅಷ್ಟೇ. ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಒಂದು ದೋಸೆ ಹೆಚ್ಚೇ ಎರೆದಿದ್ದರು.

ಸೊಸೈಟಿಯಲ್ಲಿ ತುರ್ತು ಮೀಟಿಂಗು. ಬ್ಯಾಂಕಿನವನೆಂದು ಹತ್ತು ವರ್ಷದಿಂದ ನಾನೇ ಖಜಾಂಚಿ, ಪತ್ರ ವ್ಯವಹಾರವೂ ನನ್ನದೇ. ಬೋನು ಇಟ್ಟು ಚಿರತೆಯನ್ನು ಹಿಡಿದು ದೂರ ಬಿಡಬೇಕೆಂದು ಅರಣ್ಯ ಇಲಾಖೆಗೆ ಬರೆಯಲು ಹೇಳಿದರು. ನಾನು ಏನೋ ಗೊಣಗಿದೆ. ಮೂರನೆಯ ಮಹಡಿಯ ಹೆಂಗಸು, ಎರಡು ವರ್ಷದ ಮಗುವಿನ ತಾಯಿ, ಎದ್ದು ನಿಂತು, "ಅಂಕಲ್, ಆರೆಯ ಮಗುವಿನ ಜಾಗದಲ್ಲಿ ನನ್ನ ಮಗು ಇದ್ದರೆ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿಯೇ ಪತ್ರ ಬರೆದೆ.

ಪತ್ರ ಕೊಡುವ ಮೊದಲೇ ಇಲಾಖೆಯ ಇಬ್ಬರು, ಅವರೊಂದಿಗೆ ಒಬ್ಬ ಸ್ವಯಂಸೇವಕ ಹುಡುಗ ಬಂದರು. ಪಾರ್ಕಿನ ಸುತ್ತಲಿನ ಜನರಿಗೆ ತಿಳಿವಳಿಕೆ ಕೊಡುವ 'ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ' ಎಂಬ ಕೆಲಸ 2011ರಿಂದ ನಡೆಯುತ್ತಾ ಬಂದದ್ದು. ಕಂಪೌಂಡಿನಲ್ಲಿ ಕುರ್ಚಿ ಹಾಕಿ ಕುಳಿತೆವು. ಅವರು ಹೇಳಿದ್ದರ ಸಾರ ಇಷ್ಟು: ಒಂದು ಚಿರತೆಯನ್ನು ಹಿಡಿದು ಒಯ್ದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಒಯ್ದು ಬಿಟ್ಟದ್ದು ಗುರುತಿಲ್ಲದ ಕಡೆ ಹೆಚ್ಚು ಅಪಾಯ ಮಾಡುತ್ತದೆ. ಪುಣೆ ಜಿಲ್ಲೆಯ ಜುನ್ನರದಲ್ಲಿ ಹಾಗೆ ಹಿಡಿದು ಬೇರೆಡೆ ಬಿಟ್ಟ ಮೇಲೆ ಜನರ ಮೇಲಿನ ದಾಳಿ ಹೆಚ್ಚಾದದ್ದನ್ನು ವಿದ್ಯಾ ಅತ್ರೇಯ ಎಂಬ ವಿಜ್ಞಾನಿ ಅಧ್ಯಯನ ಮಾಡಿ ತೋರಿಸಿದ್ದಾರೆ. 2004ರ ಜೂನ್ ತಿಂಗಳು ನಮ್ಮಲ್ಲಿ ಹಳಬರಿಗೆ ನೆನಪಿತ್ತು. ಆ ಒಂದೇ ತಿಂಗಳು ಈ ಪಾರ್ಕಿನ ಸುತ್ತ ಹತ್ತು ಮಂದಿ ಸತ್ತರೆಂದು ಲೆಕ್ಕ. ಆಗ ಚಿರತೆಗಳಿಗೆ ತಿನ್ನಲು ಹಂದಿ, ಮೊಲಗಳನ್ನು ಕಾಡಿಗೆ ಬಿಟ್ಟದ್ದೂ ಆಯಿತು.

ಆ ಹುಡುಗ ಆಜೋಬಾನ ಕಥೆ ಹೇಳಿದ. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಹಳ್ಳಿಯೊಂದರ ಬಾವಿಗೆ ಬಿದ್ದ ಗಂಡು ಚಿರತೆಯನ್ನು ಮೇಲೆತ್ತಿ, ಕುತ್ತಿಗೆಗೆ ಜಿಪಿಎಸ್ ಕಾಲರ್ ಕಟ್ಟಿ ಮಾಲ್ಶೇಜ್ ಘಾಟಿನಲ್ಲಿ ಬಿಟ್ಟರು. ಪ್ರಾಯ ಆಗಿತ್ತೆಂದು ಮರಾಠಿಯಲ್ಲಿ 'ಅಜ್ಜ' ಎಂದು ಹೆಸರು. ಅದು ಹೆದ್ದಾರಿ ದಾಟಿ, ಕಸಾರಾ ರೈಲು ನಿಲ್ದಾಣದ ಹತ್ತಿರ ಹಾದು, ವಸಯಿ ಖಾರಿ ದಾಟಿ, ಸುಮಾರು 120 ಕಿಲೋಮೀಟರು ನಡೆದು ಬಂದು ಸೇರಿದ್ದು ಎಲ್ಲಿಗೆ ಎಂದರೆ ನಮ್ಮ ಬೊರಿವಲಿಯ ಕಾಡಿಗೆ. ದಾರಿಯಲ್ಲಿ ಒಬ್ಬ ಮನುಷ್ಯನ ಮೇಲೂ ಎರಗಲಿಲ್ಲ. 2011ರಲ್ಲಿ ಮುಂಬಯಿ-ಅಹಮದಾಬಾದ್ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು. 2014ರಲ್ಲಿ ಅದರ ಮೇಲೆ ಮರಾಠಿ ಸಿನೆಮಾ ಕೂಡಾ ಬಂತು. ಕೇಳುತ್ತಾ ಕೇಳುತ್ತಾ ನಾನು ನನ್ನ ಟ್ರಂಕನ್ನೂ ಅರಬೈಲು ಘಾಟಿಯನ್ನೂ ನೆನೆಸಿಕೊಳ್ಳುತ್ತಿದ್ದೆ. ಹೊಟ್ಟೆಪಾಡಿಗೆಂದು ಕಾಣದ ಊರಿಗೆ ಬರುವುದು ನಮ್ಮವರು ಮಾತ್ರ ಎಂದುಕೊಂಡಿದ್ದೆ.

ಆಮೇಲೆ ಅವರು ಗೋಡೆಯ ಹತ್ತಿರ ಹೋಗಿ ನೋಡಿ, ಮರಾಠಿಯಲ್ಲಿ ಮೆಲ್ಲಗೆ, "ಇಲ್ಲಿ ತಿಂಡಿ ಹಾಕುವವರು ಯಾರು?" ಎಂದು ಕೇಳಿದರು. ಕಸದ ಡಬ್ಬಿ, ಮೀನಿನ ತ್ಯಾಜ್ಯ, ತಟ್ಟೆ ಇರುವಲ್ಲಿಗೆ ನಾಯಿಗಳು ಬರುತ್ತವೆ. ನಾಯಿಯ ಹಿಂದೆ ಚಿರತೆ ಬರುತ್ತದೆ. ಈ ಕಾಡಿನ ಚಿರತೆಗಳು ವರ್ಷಕ್ಕೆ ಸುಮಾರು 1500 ಬೀದಿನಾಯಿಗಳನ್ನು ತಿನ್ನುತ್ತವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು. ಸೊಸೈಟಿಯವರೆಲ್ಲ ನನ್ನ ಮುಖ ನೋಡಿದರು. ಮೀನಿನ ತಲೆ ಎಸೆಯುತ್ತಿದ್ದವರು ನಾವೊಬ್ಬರೇ ಅಲ್ಲ, ಆದರೆ ತಟ್ಟೆ ನಮ್ಮದು.

ಅಮ್ಮನಿಗೆ ಇದನ್ನು ಹೇಗೆ ಹೇಳುವುದು? ನೀವು ಹಾಕಿದ ಅನ್ನದಿಂದಲೇ ಕರಿಯ ಅಲ್ಲಿ ಮಲಗುತ್ತಿದ್ದ, ಅದರಿಂದಲೇ ಅವನು ಹೋದ, ನಾಳೆ ಮೂರನೆಯ ಮಹಡಿಯ ಮಗುವಿಗೂ ಅಪಾಯ ಎಂದು? ಎರಡು ದಿನ ತಳ್ಳಿದೆ. ಮೂರನೆಯ ದಿನ ಸಂಜೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. ಬಹಳ ಹೊತ್ತಿನ ನಂತರ, "ಗೌರೀನ ರಸ್ತೆ ತನಕ ಕರ್ಕಂಡ್ ಹೋದ್ದ್ ನೀನೇ ಅಲ್ದಾ" ಎಂದರು. ಮೂವತ್ತಾರು ವರ್ಷದಲ್ಲಿ ಅಮ್ಮ ಆ ಎಮ್ಮೆಯ ಹೆಸರು ಎತ್ತಿದ್ದು ಅದೇ ಮೊದಲು. ನನಗೆ ಮಾತು ಹೊರಡಲಿಲ್ಲ. ಆಗ ನಾನು ಜೋಗೇಶ್ವರಿಯ ಐದನೆಯ ಎಮ್ಮೆಯ ವಿಷಯ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿ, "ಕತ್ತ್ ತಗ್ಗ್‌ಸಿತ್ತಾ?" ಎಂದು ಮಾತ್ರ ಕೇಳಿದರು. ಹೌದು ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ತಗಡಿನ ತಟ್ಟೆ ಗೋಡೆಯ ಹತ್ತಿರ ಇರಲಿಲ್ಲ.

ಬೋನಿನ ಪತ್ರ ಕಳಿಸಲಿಲ್ಲ. ಕಸದ ಡಬ್ಬಿಯನ್ನು ಮುಂದಿನ ಗೇಟಿಗೆ ತಂದದ್ದು, ಹಿಂದಿನ ಓಣಿಗೆ ಎರಡು ದೊಡ್ಡ ದೀಪ ಹಾಕಿಸಿದ್ದು, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡದ್ದು ಇಷ್ಟು ಮಾಡಿದೆವು. ಮೂರನೆಯ ಮಹಡಿಯವರು ಮಾತ್ರ ಮರು ವರ್ಷ ಫ್ಲ್ಯಾಟು ಮಾರಿ ಕಾಂದಿವಲಿ ಪಶ್ಚಿಮಕ್ಕೆ ಹೋದರು. ಅವರದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಸಹಿ ಹಾಕದ ಆ ಪತ್ರ ಹಾಲಿನ ಪುಸ್ತಕದ ಒಳಗಿದೆ.

ಕಳೆದ ಮಳೆಗಾಲದಲ್ಲಿ ಒಂದು ನಾಯಿಮರಿ ಗೇಟಿನೊಳಗೆ ಬಂದು ಸೇರಿಕೊಂಡಿತು. ಅಮ್ಮನಿಗೆ ಈಗ ಎಂಬತ್ತು ದಾಟಿದೆ, ಮೊಣಕಾಲು ನೋವು, ಲಿಫ್ಟಿನಲ್ಲಿ ಇಳಿದು ಬೆಳಿಗ್ಗೆ ಎಂಟು ಗಂಟೆಗೆ ವಾಚ್‌ಮನ್ ಕೋಣೆಯ ಹತ್ತಿರ ದೋಸೆ ಹಾಕುತ್ತಾರೆ. ತಿಂದಾದ ಮೇಲೆ ತಟ್ಟೆ ತೊಳೆದು ಮೇಲೆ ತರುತ್ತಾರೆ. ಮೊನ್ನೆ ವಾಚ್‌ಮನ್ ಹೇಳಿದ, ರಾತ್ರಿ ಮತ್ತೆ ಬಂದಿತ್ತು, ಗೋಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋಯಿತು ಎಂದು. ನಾನು ಅಮ್ಮನಿಗೆ ಹೇಳಿದೆ.

"ಮರಿ ಎಲ್ಲ್ ಇತ್ತ್?" ಎಂದು ಕೇಳಿದರು.

ಮೀಟರು ರೂಮಿನಲ್ಲಿ, ಬಾಗಿಲು ಹಾಕಿದೆ ಎಂದೆ.